ಬಜಾರಿಗೆ ನಾಲ್ಕು ಭಾಷೆ, ಕಚೇರಿಗೆ ಒಂದೇ ಏಕೆ?

ಸಿಂಧನೂರಿನ ಬಜಾರಿನಲ್ಲಿ ಒಂದು ಗಳಿಗೆ ನಿಂತು ಕೇಳಿರಿ. ಭತ್ತ ತಂದ ಕ್ಯಾಂಪಿನ ರೈತನೊಡನೆ ದಲಾಲಿ ತೆಲುಗಿನಲ್ಲಿ ದರ ಮಾತಾಡುತ್ತಾನೆ. ಗಿರಣಿಯ ಅಂಗಳದಲ್ಲಿ ಹಮಾಲರು ಕನ್ನಡದಲ್ಲಿ ಚೀಲ ಎಣಿಸಿ ಉರ್ದುವಿನಲ್ಲಿ ಚೇಷ್ಟೆ ಮಾಡುತ್ತಾರೆ. ಬಟ್ಟೆ ಅಂಗಡಿಯ ಹುಡುಗ ತಾಂಡಾದಿಂದ ಬಂದ ಹೆಂಗಸನ್ನು ‘ಯಾಡಿ’ ಎಂದು ಕರೆದು ಕೂಡಿಸಿ, ಅವಳ ಲಂಬಾಣಿ ಮಾತಿನಲ್ಲೇ ಬೆಲೆ ಹೇಳುತ್ತಾನೆ. ಪುನರ್ವಸತಿ ಕ್ಯಾಂಪಿನ ಬಂಗಾಳಿ ಗಿರಾಕಿಗೂ ಇಲ್ಲಿ ಸರಕು ಸಿಗುತ್ತದೆ. ಯಾರೂ ಯಾರಿಗೂ ‘ಮೊದಲು ಕನ್ನಡ ಕಲಿತು ಬಾ, ಆಮೇಲೆ ಉಪ್ಪು ಕೊಡುತ್ತೇನೆ’ ಎಂದು ಹೇಳುವುದಿಲ್ಲ. ಹಾಗೆ ಹೇಳಿದ ವ್ಯಾಪಾರಿ ಸಂಜೆಯೊಳಗೆ ಅಂಗಡಿಗೆ ಬೀಗ ಹಾಕಬೇಕಾದೀತು.

ಈಗ ಅದೇ ತಾಂಡಾದ ಹೆಂಗಸು ನಡೆಯಲಾರದ, ಮಾತು ಬಾರದ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಸರಕಾರಿ ಕಚೇರಿಯ ಮೆಟ್ಟಿಲು ಹತ್ತಲಿ. ಅಲ್ಲಿ ಅವಳನ್ನು ಯಾಡಿ ಎಂದು ಕರೆಯುವವರಿಲ್ಲ. ಆಧಾರ್ ತಾ, ಫೋಟೋ ತಾ, ವೈದ್ಯಕೀಯ ಪ್ರಮಾಣಪತ್ರ ತಾ, ಆನ್‌ಲೈನ್ ಅರ್ಜಿ ಹಾಕಿ ಬಾ ಎಂಬ ಮಾತುಗಳು ತಲೆಯ ಮೇಲಿಂದ ಹಾರಿ ಹೋಗುತ್ತವೆ. ಅರ್ಥವಾಯಿತೇ ಎಂದು ಕೇಳಿದರೆ ಹೂಂ ಎನ್ನುತ್ತಾಳೆ. ಬಡವರು ಕಚೇರಿಯಲ್ಲಿ ಬೇರೇನು ಹೇಳಿಯಾರು? ಬಾಗಿಲ ಹೊರಗೆ ಕಾದಿರುವ ಮಧ್ಯವರ್ತಿಗೆ ಮಾತ್ರ ಅವಳ ಭಾಷೆ ಚೆನ್ನಾಗಿ ಬರುತ್ತದೆ! ಆ ದಿನದ ಕೂಲಿ ಹೋಯಿತು, ಬಸ್ಸಿನ ಹಣ ಹೋಯಿತು, ಮಧ್ಯವರ್ತಿಯ ಪಾಲೂ ಹೋಯಿತು. ಮುಂದಿನ ಸಲ ಅವಳು ಬರುವುದಿಲ್ಲ. ಕಚೇರಿಯ ಪುಸ್ತಕದಲ್ಲಿ ‘ಫಲಾನುಭವಿ ಗೈರು’ ಎಂದು ದಾಖಲಾಗುತ್ತದೆ.

ಗೈರಾದವರು ಯಾರು? ತಾಯಿಯೋ, ಸರಕಾರವೋ? ಈ ವಾರ ನಾವು ಕೇಳುವ ಪ್ರಶ್ನೆ ಇದೊಂದೇ.

ಕಾನೂನು ಇಲ್ಲವೆಂದು ಯಾರೂ ನೆಪ ಹೇಳುವಂತಿಲ್ಲ. 1995ರ ಕಾಯಿದೆ ಏಳು ಬಗೆಯ ನ್ಯೂನತೆಗಳನ್ನು ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು ಇಪ್ಪತ್ತೊಂದಕ್ಕೆ ಏರಿಸಿತು. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣ ಹಕ್ಕಾಯಿತು. ಇಡೀ ದೇಶಕ್ಕೆ ಸಲ್ಲುವ ಯು.ಡಿ.ಐ.ಡಿ. ಕಾರ್ಡು ಬಂದಿತು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯ ಅಡಿಯಲ್ಲಿ ಬುದ್ಧಿಮಾಂದ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ನ್ಯೂನತೆಯ ಮಕ್ಕಳಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ಅದರ ಮಿತಿ ವರ್ಷಕ್ಕೆ ಒಂದು ಲಕ್ಷ ರೂಪಾಯಿ. ಅಂಗನವಾಡಿ ಮತ್ತು ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲೇ ಆರಂಭವಾಗಿದೆ. ನಮ್ಮ ರಾಜ್ಯದಲ್ಲಿ ಪಂಚಾಯತಿಗೊಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನ ವ್ಯವಸ್ಥೆಯೂ ಇದೆ.

ಊಟ ಬಡಿಸಿದೆ, ಎಲೆಯೂ ಹಾಸಿದೆ. ಆದರೆ ಬನ್ನಿ ಎಂದು ಕರೆಯುವವರು ಉಣ್ಣುವವರಿಗೆ ತಿಳಿಯುವ ಮಾತಿನಲ್ಲಿ ಕರೆಯುತ್ತಿಲ್ಲ.

ನಮ್ಮ ಮೂರು ತಾಲ್ಲೂಕುಗಳ ಜನ ಎಲ್ಲಿಂದ ಬಂದವರೆಂಬುದನ್ನು ಅಧಿಕಾರಿಗಳು ಮರೆತಿರಬಹುದು, ನಾವು ಮರೆತಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಇಲ್ಲಿ ಕ್ಯಾಂಪು ಕಟ್ಟಿದರು. ಪೂರ್ವ ಪಾಕಿಸ್ತಾನದಿಂದ ಓಡಿ ಬಂದ ಬಂಗಾಳಿ ಕುಟುಂಬಗಳನ್ನು ಸರಕಾರವೇ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಲಿಂಗಸುಗೂರು ಮತ್ತು ಮಸ್ಕಿಯ ತಾಂಡಾಗಳಲ್ಲಿ ಲಂಬಾಣಿಗರು ತಲೆಮಾರುಗಳಿಂದ ಇದ್ದಾರೆ. ಮುದಗಲ್ಲಿನ ಓಣಿಗಳಲ್ಲಿ ಉರ್ದು ಮನೆಮಾತಾಗಿದೆ. ಹಟ್ಟಿಯ ಚಿನ್ನದ ಗಣಿ ಹತ್ತೂರಿನ ಕೂಲಿಕಾರರನ್ನು ಎಳೆದು ತಂದಿದೆ. ಗದ್ದೆಗೆ, ಗಿರಣಿಗೆ, ಗಣಿಗೆ ಇವರ ರಟ್ಟೆ ಬೇಕು. ರಟ್ಟೆಗೆ ಭಾಷೆ ಕೇಳಲಿಲ್ಲ. ಅವರ ಮನೆಯಲ್ಲೊಂದು ವಿಕಲಚೇತನ ಮಗು ಹುಟ್ಟಿದಾಗ ಮಾತ್ರ ಭಾಷೆಯ ಗೋಡೆ ಎದ್ದು ನಿಲ್ಲುತ್ತದೆ.

ಲಂಬಾಣಿಯ ಸ್ಥಿತಿ ಇನ್ನೂ ಕಷ್ಟದ್ದು. ಜನಗಣತಿಯಲ್ಲಿ ಅದನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತಾರೆ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದರ ಹೆಸರಿಲ್ಲ. ಅದಕ್ಕೆ ಸ್ವಂತ ಲಿಪಿಯಿಲ್ಲ. ಆದುದರಿಂದ ಗೋಡೆಗೆ ಒಂದು ಭಿತ್ತಿಪತ್ರ ಅಂಟಿಸಿ ಕೈತೊಳೆದುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ತಾಂಡಾದ ತಾಯಿಗೆ ಬೇಕಾದುದು ಕಾಗದವಲ್ಲ, ಅವಳ ಮಾತು ಬಲ್ಲ ಒಬ್ಬ ಮನುಷ್ಯ.

ಭಾಷೆ ತಿಳಿಯದಿದ್ದರೆ ಹೋಗುವುದು ಒಂದು ದಿನದ ಕೂಲಿ ಮಾತ್ರವಲ್ಲ. ಮಗುವಿನ ಬುದ್ಧಿಯ ಬೆಳವಣಿಗೆಯನ್ನು ಅಳೆಯುವಾಗ ಪ್ರಶ್ನೆ ಕೇಳುತ್ತಾರೆ, ಚಿತ್ರ ತೋರಿಸಿ ಹೆಸರು ಹೇಳು ಎನ್ನುತ್ತಾರೆ. ಮನೆಯಲ್ಲಿ ಬಂಗಾಳಿಯನ್ನೋ ಲಂಬಾಣಿಯನ್ನೋ ಕೇಳಿ ಬೆಳೆದ ಮಗುವಿಗೆ ಕನ್ನಡದಲ್ಲಿ ಪ್ರಶ್ನೆ ಹಾಕಿ, ಅದು ಸುಮ್ಮನಿದ್ದರೆ ‘ತಿಳಿವಳಿಕೆ ಇಲ್ಲ’ ಎಂದು ಬರೆದರೆ ಆ ಅಳತೆಗೇನು ಬೆಲೆ? ಇದಕ್ಕೆ ತಿರುಗುಮುರುಗಾಗಿಯೂ ಆಗುತ್ತದೆ. ನಿಜವಾಗಿ ಕಿವಿ ಕೇಳದ ಮಗುವನ್ನು ‘ಅದಕ್ಕೆ ಕನ್ನಡ ಬರುವುದಿಲ್ಲ, ಶಾಲೆಗೆ ಹೋದರೆ ಸರಿಹೋಗುತ್ತದೆ’ ಎಂದು ಹಿಂದಕ್ಕೆ ಕಳಿಸಿದರೆ, ಮಾತು ಕಲಿಯುವ ವರ್ಷಗಳೇ ಕಳೆದುಹೋಗುತ್ತವೆ. ಶ್ರವಣ ಸಾಧನ ಎರಡನೆಯ ವರ್ಷದಲ್ಲಿ ಸಿಕ್ಕುವುದಕ್ಕೂ ಎಂಟನೆಯ ವರ್ಷದಲ್ಲಿ ಸಿಕ್ಕುವುದಕ್ಕೂ ಅಜಗಜಾಂತರ. ಪಿಂಚಣಿಯ ಬಾಕಿಯನ್ನು ನಾಳೆ ಕೊಡಬಹುದು. ಕಳೆದ ಬಾಲ್ಯದ ಬಾಕಿಯನ್ನು ಯಾವ ಖಜಾನೆ ತೀರಿಸೀತು?

ಇನ್ನು ಕೆಲವರು ತಾಯಂದಿರಿಗೆ ಬುದ್ಧಿ ಹೇಳುತ್ತಾರೆ: ‘ಮನೆಯಲ್ಲಿ ನಿಮ್ಮ ಮಾತು ಬಿಡಿರಿ, ಎರಡು ಭಾಷೆ ಕೇಳಿದರೆ ಇಂಥ ಮಗುವಿಗೆ ಗೊಂದಲವಾಗುತ್ತದೆ.’ ಇದು ತಪ್ಪು. ಡೌನ್ ಸಿಂಡ್ರೋಮ್ ಮತ್ತು ಆಟಿಸಂ ಉಳ್ಳ ಮಕ್ಕಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಎರಡು ಭಾಷೆಯಿಂದ ಮಗುವಿಗೆ ಹಾನಿಯೆಂಬುದು ಕಂಡುಬಂದಿಲ್ಲ. ತಾಯಿಗೆ ಬಾರದ ಭಾಷೆಯಲ್ಲಿ ಮಗುವನ್ನು ಆಡಿಸು ಎಂದರೆ ಅವಳು ಮಾತನ್ನೇ ಕಡಿಮೆ ಮಾಡುತ್ತಾಳೆ. ಮೊದಲೇ ಮಾತು ಕಡಿಮೆ ಇರುವ ಮಗುವಿನ ಕಿವಿಗೆ ಜೋಗುಳವೂ ಬೀಳದಂತೆ ಮಾಡುವುದು ಯಾವ ಚಿಕಿತ್ಸೆ?

‘ಕರ್ನಾಟಕದಲ್ಲಿದ್ದ ಮೇಲೆ ಕನ್ನಡ ಕಲಿಯಲಿ’ ಎಂದು ಕೆಲವು ಮಿತ್ರರು ನಮ್ಮನ್ನು ಆಕ್ಷೇಪಿಸಿಯಾರು. ಕಲಿಯಲಿ, ಕಲಿಯುತ್ತಲೂ ಇದ್ದಾರೆ. ಕ್ಯಾಂಪಿನ ಮಕ್ಕಳೂ ತಾಂಡಾದ ಮಕ್ಕಳೂ ಕನ್ನಡ ಶಾಲೆಯಲ್ಲಿ ಓದುತ್ತಿದ್ದಾರೆ. ಕನ್ನಡ ಆಡಳಿತಕ್ಕಾಗಿ ಹೋರಾಡಿದ ಪರಂಪರೆ ನಮ್ಮದು. ಆದರೆ ಹೋರಾಡಿದ್ದು ಯಾತಕ್ಕೆ? ಈ ಸೀಮೆಯ ಹಿರಿಯರನ್ನು ಕೇಳಿ ನೋಡಿರಿ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡದ ರೈತ ತನ್ನ ಹೊಲದ ಕಾಗದವನ್ನೇ ಓದಲಾರದೆ, ಅದರಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದ. ಆ ಅವಮಾನ ನಮ್ಮ ಅಜ್ಜಂದಿರ ಅವಮಾನ. 1956ರಲ್ಲಿ ನಾವು ಕನ್ನಡ ನಾಡನ್ನು ಸೇರಿದೆವು, 1963ರಲ್ಲಿ ಕನ್ನಡ ಆಡಳಿತ ಭಾಷೆಯೆಂದು ಕಾಯಿದೆಯಾಯಿತು. ಅಜ್ಜನಿಗಾದ ಅವಮಾನವನ್ನು ಮೊಮ್ಮಗ ಲಂಬಾಣಿ ತಾಯಿಗೆ ಮಾಡಲಿ ಎಂದೇ ಇದೆಲ್ಲ ಆದದ್ದು? ಜನರ ಭಾಷೆಯಲ್ಲಿ ಆಡಳಿತವೆಂದರೆ ಎದುರಿಗೆ ನಿಂತ ಜನರ ಭಾಷೆ. ಕುರ್ಚಿಯಲ್ಲಿ ಕುಳಿತವನ ಭಾಷೆ ಮಾತ್ರವಲ್ಲ.

ಸಂವಿಧಾನವೂ ಇದನ್ನೇ ಹೇಳುತ್ತದೆ. 350ನೆಯ ವಿಧಿಯಂತೆ, ಕುಂದುಕೊರತೆಯ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲೇ ಕಲಿಸಬೇಕೆನ್ನುತ್ತದೆ. ನಾವು ದಯೆ ಬೇಡುತ್ತಿಲ್ಲ, ಬರೆದಿಟ್ಟದ್ದನ್ನು ನಡೆಸಿರಿ ಎನ್ನುತ್ತಿದ್ದೇವೆ.

ಸಂವಿಧಾನ ದೂರವಾದರೆ ಮಸ್ಕಿಗೆ ಹೋಗಿ ಬನ್ನಿ. 1915ರಲ್ಲಿ ಅಲ್ಲಿ ಸಿಕ್ಕಿದ ಬಂಡೆಯ ಶಾಸನದಿಂದಲೇ ದೇವಾನಾಂಪ್ರಿಯನೆಂಬ ಅರಸ ಅಶೋಕನೇ ಎಂಬುದು ಖಚಿತವಾಯಿತು. ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಸಿಗುತ್ತದೆ, ಇದನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಆ ಶಾಸನದ ತಾತ್ಪರ್ಯ. ಅದೇ ಅರಸ ಇಲ್ಲಿ ಪ್ರಾಕೃತದಲ್ಲಿ ಬರೆಸಿದ. ದೂರದ ಕಂದಹಾರದಲ್ಲಿ, ಅಲ್ಲಿಯ ಜನಕ್ಕೆ ತಿಳಿಯಲೆಂದು, ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿ ಬರೆಸಿದ. ಎರಡು ಸಾವಿರ ವರ್ಷಗಳ ಹಿಂದೆ ಉಳಿ ಸುತ್ತಿಗೆ ಹಿಡಿದು ಕಲ್ಲಿನ ಮೇಲೆ ಮಾಡಿದ ಕೆಲಸವನ್ನು ಇಂದು ಕಂಪ್ಯೂಟರು, ಮೊಬೈಲು ಇಟ್ಟುಕೊಂಡ ಸರಕಾರ ಆಗದೆನ್ನುತ್ತದೆಯೆ?

ಗುಳೆಯ ಮಾತನ್ನೂ ಹೇಳಲೇಬೇಕು. ಸುಗ್ಗಿ ಮುಗಿದೊಡನೆ ತಾಂಡಾ ಖಾಲಿಯಾಗುತ್ತದೆ. ಬೆಂಗಳೂರು, ಪುಣೆ, ಗೋವೆಗೆ ದುಡಿಯಲು ಹೋದ ತಂದೆತಾಯಿಗಳು ವಿಕಲಚೇತನ ಮಗುವನ್ನು ಮುದುಕಿಯ ಮಡಿಲಲ್ಲಿ ಬಿಡುತ್ತಾರೆ, ಇಲ್ಲವೆ ಕಟ್ಟಡದ ಮರಳ ರಾಶಿಯ ಮೇಲೆ ಕೂಡಿಸುತ್ತಾರೆ. ತಪಾಸಣೆಯ ದಿನ ಅವರು ಊರಲ್ಲಿಲ್ಲ. ಊರಿಗೆ ಬಂದಾಗ ಶಿಬಿರವಿಲ್ಲ. ಹಬ್ಬಕ್ಕೆ ತಾಂಡಾ ತುಂಬುವ ದಿನಗಳು ಯಾವುವೆಂದು ಬಸ್ಸಿನ ಕಂಡಕ್ಟರನಿಗೆ ಗೊತ್ತು, ಇಲಾಖೆಗೆ ಗೊತ್ತಿಲ್ಲ!

ಬರೀ ಸರಕಾರವನ್ನು ಬೈದು ನಾವು ಪಾರಾಗುವಂತಿಲ್ಲ. ಇಂಥ ಮಗು ಹುಟ್ಟಿದರೆ ಕರ್ಮವೆಂದು ತಾಯಿಯ ಕಡೆಗೆ ಬೆರಳು ತೋರಿಸುವವರು ನಮ್ಮ ಓಣಿಯಲ್ಲೇ ಇದ್ದಾರೆ. ಗುಡಿಗೂ ದರ್ಗಾಕ್ಕೂ ಹರಕೆ ಹೊತ್ತು ಅಲೆಯುವ ಅವಳಿಗೆ ಆಸ್ಪತ್ರೆಯ ದಾರಿ ತೋರಿಸಿದವರೆಷ್ಟು ಮಂದಿ? ಹರಕೆ ಅವಳ ಇಷ್ಟ, ಅದನ್ನು ಗೇಲಿ ಮಾಡುವುದು ನಮ್ಮ ಕೆಲಸವಲ್ಲ. ಜೊತೆಗೆ ತಪಾಸಣೆಯನ್ನೂ ಮಾಡಿಸಮ್ಮ ಎಂದು ಅವಳ ಮಾತಿನಲ್ಲಿ ಹೇಳುವುದು ನಮ್ಮ ಕೆಲಸ. ಕಾರ್ಮಿಕ ಸಂಘಟನೆಗಳೂ ಬೋನಸ್ಸಿಗೆ, ಕೂಲಿಗೆ ಹೋರಾಡಿವೆ. ತಮ್ಮ ಸದಸ್ಯರ ಎಷ್ಟು ಮನೆಗಳಲ್ಲಿ ಇಂಥ ಮಕ್ಕಳಿದ್ದಾರೆಂಬ ಪಟ್ಟಿ ಎಷ್ಟು ಸಂಘಟನೆಗಳ ಹತ್ತಿರ ಇದೆ? ಈ ತಪ್ಪಿನಲ್ಲಿ ನಮಗೂ ಪಾಲಿದೆ.

ನಮ್ಮ ಬೇಡಿಕೆಗಳು ಇವು. ಒಂದು: ತಿಂಗಳಿಗೊಮ್ಮೆ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲೇ ತಜ್ಞ ವೈದ್ಯರ ತಪಾಸಣಾ ಶಿಬಿರ ನಡೆಯಲಿ, ರಾಯಚೂರಿಗೆ ಅಲೆದಾಟ ನಿಲ್ಲಲಿ. ಗುಳೆಯವರು ಊರಿಗೆ ಬರುವ ಹಬ್ಬದ ದಿನಗಳಲ್ಲಿ ವಿಶೇಷ ಶಿಬಿರವಿರಲಿ. ಎರಡು: ಪ್ರತಿ ಶಿಬಿರದಲ್ಲೂ ಲಂಬಾಣಿ, ಉರ್ದು, ತೆಲುಗು, ಬಂಗಾಳಿ ಬಲ್ಲವರು ಕೂಲಿ ಪಡೆದು ಕುಳಿತಿರಲಿ. ಮೂರು: ತಾಂಡಾ, ಕ್ಯಾಂಪುಗಳಿರುವ ಪಂಚಾಯತಿಯಲ್ಲಿ ಪುನರ್ವಸತಿ ಕಾರ್ಯಕರ್ತ ಅಲ್ಲಿಯ ಮಾತು ಬಲ್ಲವನಾಗಿರಲಿ, ಅವನಿಗೆ ಗೌರವಧನವೆಂಬ ಭಿಕ್ಷೆಯ ಬದಲು ಸಂಬಳ ಸಿಗಲಿ. ನಾಲ್ಕು: ಬುದ್ಧಿಯ ಅಳತೆ ಯಾವ ಭಾಷೆಯಲ್ಲಿ ನಡೆಯಿತೆಂಬುದನ್ನು ವರದಿಯಲ್ಲಿ ಬರೆಯುವುದು ಕಡ್ಡಾಯವಾಗಲಿ. ಐದು: ಮಗುವನ್ನು ತಪಾಸಣೆಗೆ ಒಯ್ಯುವ ದಿನ ಗಿರಣಿ ಮಾಲೀಕರು ಕೂಲಿ ಕಡಿಯಬಾರದು.

ದುಭಾಷಿಗಳನ್ನು ಎಲ್ಲಿಂದ ತರೋಣ ಎಂದು ಅಧಿಕಾರಿಗಳು ಕೇಳಿಯಾರು. ಬಜಾರಿಗೆ ಬನ್ನಿರಿ ಸ್ವಾಮಿ, ಪ್ರತಿ ಅಂಗಡಿಯಲ್ಲೂ ಒಬ್ಬರಿದ್ದಾರೆ.

ವ್ಯಾಪಾರಿ ಬಂಧುಗಳೇ, ಸರಕು ಮಾರಲು ಕಲಿತ ಆ ನಾಲ್ಕು ಮಾತುಗಳನ್ನು ತಿಂಗಳಿಗೊಂದು ದಿನ ಈ ಮಕ್ಕಳಿಗೆ ಕೊಡಿರಿ. ಗಿರಣಿಯ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಸಾಲಿನಲ್ಲಿ ದುಡಿಯುವ ಯಾಡಿಯ ಮಗುವಿಗೆ ಕಾರ್ಡು ಆಗಿದೆಯೇ ಎಂದು ನಾಳೆಯೇ ಕೇಳಿರಿ. ಆಗಿಲ್ಲವೆಂದರೆ ಅವಳೊಬ್ಬಳನ್ನೇ ಕಚೇರಿಗೆ ಕಳಿಸಬೇಡಿರಿ. ಹತ್ತು ಜನ ಜೊತೆಗೆ ಹೋಗಿ ನಿಲ್ಲಿರಿ. ಒಬ್ಬಳ ಮಾತು ಅರ್ಥವಾಗದ ಕಚೇರಿಗೆ ಹತ್ತು ಜನರ ಮಾತು ಅರ್ಥವಾಗುತ್ತದೆ.