ಕ್ಯಾನ್ವಾಸಿನ ಹಿಂಬದಿಯ ಲೆಕ್ಕ

2003ರ ಒಂದು ಬೆಳಗ್ಗೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ಕಾಫಿ ಕುಡಿಯಲು ಹೊರಟಿದ್ದ ಮಹಿಳೆಯೊಬ್ಬರಿಗೆ ರಸ್ತೆ ಬದಿಯ ಕಸದ ಚೀಲಗಳ ನಡುವೆ ದೊಡ್ಡದೊಂದು ವರ್ಣಚಿತ್ರ ಕಾಣಿಸಿತು. ಆಧುನಿಕ ಕಲೆಯ ಗಂಧಗಾಳಿ ಇಲ್ಲದಿದ್ದರೂ ಏನೋ ಸೆಳೆತವಾಗಿ, ಹೊತ್ತುಕೊಂಡು ಹೋಗಿ ಗೋಡೆಗೆ ತೂಗುಹಾಕಿದರು. ಅದು ಮೆಕ್ಸಿಕೊದ ಕಲಾವಿದ ರುಫಿನೊ ತಮಾಯೊ 1970ರಲ್ಲಿ ರಚಿಸಿದ ‘ತ್ರೆಸ್ ಪೆರ್ಸೊನಾಹೆಸ್’, ಅಂದರೆ ‘ಮೂವರು ವ್ಯಕ್ತಿಗಳು’. 2007ರ ನವೆಂಬರಿನಲ್ಲಿ ಸಾದಬೀಸ್ ಹರಾಜಿನಲ್ಲಿ ಅದು 10.49 ಲಕ್ಷ ಡಾಲರಿಗೆ ಮಾರಾಟವಾಯಿತು.

ಆದರೆ ಆ ಹಣ ಆಕೆಯದಾಗಲಿಲ್ಲ. ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ನ ದಂಪತಿ 1977ರಲ್ಲಿ ಇದೇ ಸಾದಬೀಸ್‌ನಲ್ಲಿ 55,000 ಡಾಲರ್ ಕೊಟ್ಟು ಚಿತ್ರವನ್ನು ಕೊಂಡಿದ್ದರು. 1987ರಲ್ಲಿ ಮನೆ ಬದಲಿಸುವಾಗ ಗೋದಾಮಿನಲ್ಲಿಟ್ಟದ್ದು ಕಳುವಾಗಿತ್ತು. ಚಿತ್ರದ ಹಿಂಬದಿಗೆ ಅಂಟಿದ್ದ ಗ್ಯಾಲರಿ ಚೀಟಿಗಳು ಆ ಮಹಿಳೆಯ ಕುತೂಹಲ ಕೆರಳಿಸಿದವು. ವಿಚಾರಿಸುತ್ತ ಹೋದಂತೆ ಅದು ಕಳುವಿನ ಮಾಲೆಂದು ಗೊತ್ತಾಯಿತು. ಹಿಂದಿರುಗಿಸಿದ್ದಕ್ಕೆ 15,000 ಡಾಲರ್ ಬಹುಮಾನವೂ ಮಾರಾಟದಲ್ಲಿ ಒಂದು ಪಾಲೂ ಅವರಿಗೆ ಸಿಕ್ಕಿತು. ಹರಾಜಿಗಿಟ್ಟವರು ಮೂಲ ಮಾಲೀಕರಲ್ಲಿ ಬದುಕುಳಿದಿದ್ದ ಪತ್ನಿ.

ಹರಾಜು ಕ್ಯಾಟಲಾಗುಗಳಲ್ಲಿ ಚಿತ್ರದ ಅಳತೆ, ಮಾಧ್ಯಮದ ಜೊತೆಗೆ ‘ಪ್ರೊವೆನೆನ್ಸ್’ ಎಂಬ ತಲೆಬರಹದಡಿ ಕೆಲವು ಸಾಲುಗಳಿರುತ್ತವೆ. ಕಲಾವಿದರ ಕೈಯಿಂದ ಯಾವ ಗ್ಯಾಲರಿಗೆ, ಅಲ್ಲಿಂದ ಯಾರಿಗೆ, ಯಾವ ವರ್ಷ ಎಂಬ ವಿವರ ಅಲ್ಲಿರುತ್ತದೆ. ಸೈಟು ಕೊಳ್ಳುವ ಮುನ್ನ ನಾವು ಮೂಲಪತ್ರ ತಿರುವಿಹಾಕುವುದಿಲ್ಲವೇ, ಹಾಗೆಯೇ ಇದನ್ನೂ ಓದಬೇಕು. ಹೆಸರಾಂತ ಮಾಲೀಕರ ಪಟ್ಟಿ ನೋಡಿ ಬೆರಗಾಗುವವರೇ ಹೆಚ್ಚು. ನಿಜವಾಗಿ ನೋಡಬೇಕಾದದ್ದು ವರ್ಷಗಳ ನಡುವಿನ ಖಾಲಿ ಜಾಗವನ್ನು. ತಮಾಯೊ ಚಿತ್ರದಲ್ಲಿ ಆ ಖಾಲಿ ಜಾಗ ಹದಿನಾರು ವರ್ಷ. ಚಿತ್ರ ಅಸಲಿ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಪ್ರಶ್ನೆ ಇದ್ದದ್ದು ಹಕ್ಕಿನ ಬಗ್ಗೆ. ನ್ಯೂಯಾರ್ಕಿನ ಕಾನೂನಿನಲ್ಲಿ ಕಳ್ಳನಿಂದ ಕೊಂಡವನಿಗೆ, ಅವನು ಎಷ್ಟೇ ಪ್ರಾಮಾಣಿಕನಾಗಿರಲಿ, ಒಡೆತನ ಸಿಗುವುದಿಲ್ಲ.

ಮೆಕ್ಸಿಕೊದವರೇ ಆದ ಕಲಾವಿದೆ ಫ್ರಿಡಾ ಕಾಹ್ಲೊ ಅವರ ‘ಲಾ ಮೆಸಾ ಎರಿದಾ’ದ ಕಥೆ ಇದಕ್ಕೆ ತಿರುಗುಮುರುಗು. 1940ರ ಆ ದೊಡ್ಡ ಚಿತ್ರ 1955ರಲ್ಲಿ ವಾರ್ಸಾದಲ್ಲಿ ಪ್ರದರ್ಶನಗೊಂಡ ಬಳಿಕ ನಾಪತ್ತೆಯಾಯಿತು. 2020ರಲ್ಲಿ ಸ್ಪೇನಿನ ವ್ಯಾಪಾರಿಯೊಬ್ಬರು ಅದು ತಮ್ಮ ಬಳಿ ಇದೆಯೆಂದು ಸುಮಾರು 4 ಕೋಟಿ ಯೂರೊ ಬೆಲೆ ಹೇಳಿದರು. ತಜ್ಞರು ನಂಬಲಿಲ್ಲ. ಕಾಹ್ಲೊ ಬರೆದದ್ದು ಮರದ ಹಲಗೆಯ ಮೇಲೆ, ಮಾರಲು ಬಂದದ್ದು ಕ್ಯಾನ್ವಾಸಿನ ಮೇಲೆ! ಮಾಲೀಕರ ಸರಪಳಿ ಎಷ್ಟು ಉದ್ದವಿದ್ದರೂ ವಸ್ತುವಿಗೆ ತಾಳೆಯಾಗದಿದ್ದರೆ ಅದು ಬರೀ ಕಥೆ.

ಮೆಕ್ಸಿಕೊದ ಚಿತ್ರಗಳಿಗೆ ಇನ್ನೊಂದು ತೊಡಕೂ ಇದೆ. ದಿಯೆಗೊ ರಿವೇರಾ, ಒರೋಸ್ಕೊ ಮುಂತಾದ ಕಲಾವಿದರ ಕೃತಿಗಳನ್ನು ಅಲ್ಲಿನ ಸರ್ಕಾರ ‘ಕಲಾ ಸ್ಮಾರಕ’ವೆಂದು ಘೋಷಿಸಿದೆ; ಅವನ್ನು ಕಾಯುವುದು 1972ರ ಕಾನೂನು. ಕಾಹ್ಲೊ ಅವರ ಸರದಿ ಬಂದದ್ದು 1984ರಲ್ಲಿ. ದೇಶದೊಳಗಿರುವ ಇಂಥ ಚಿತ್ರವನ್ನು ಮಾರಬಹುದು, ಆದರೆ ಶಾಶ್ವತವಾಗಿ ಹೊರಗೆ ಒಯ್ಯುವಂತಿಲ್ಲ. (ನಮ್ಮಲ್ಲಿ ರವಿವರ್ಮ, ಅಮೃತಾ ಶೇರ್‌ಗಿಲ್ ಮೊದಲಾದವರ ಚಿತ್ರಗಳನ್ನು ಕಾಯುವ ಕಾನೂನೂ 1972ರದ್ದೇ.) ಹಾಗಾಗಿ ಹೊರದೇಶಗಳಲ್ಲಿ ಈಗಾಗಲೇ ಇರುವ ಕೆಲವೇ ಚಿತ್ರಗಳ ಬೆಲೆ ಗಗನಕ್ಕೇರುತ್ತದೆ. ಕಾಹ್ಲೊ ಅವರ ‘ದಿಯೆಗೊ ಇ ಯೊ’ 1990ರಲ್ಲಿ 14 ಲಕ್ಷ ಡಾಲರಿಗೆ ಹೋಗಿತ್ತು. 2021ರಲ್ಲಿ ಅದಕ್ಕೆ 3.49 ಕೋಟಿ ಡಾಲರ್ ಬಂತು. ಇಂಥ ಚಿತ್ರದ ಪ್ರೊವೆನೆನ್ಸ್‌ನಲ್ಲಿ ಯಾರ ಬಳಿ ಇತ್ತು ಎಂಬುದಷ್ಟೇ ಮುಖ್ಯ ಯಾವಾಗ, ಎಲ್ಲಿ ಇತ್ತು ಎಂಬುದು.

ಇಷ್ಟಾದರೂ ಕ್ಯಾಟಲಾಗುಗಳಲ್ಲಿ ‘ಖಾಸಗಿ ಸಂಗ್ರಹ’ ಎಂಬ ಎರಡು ಪದಗಳ ಹಿಂದೆ ದಶಕಗಳೇ ಅಡಗಿ ಕುಳಿತಿರುತ್ತವೆ. ಮಾರುವವರ ಗುಟ್ಟು ಕಾಯಬೇಕೆಂಬುದು ಹರಾಜು ಸಂಸ್ಥೆಗಳ ವಾದ. ಶ್ರೀಮಂತರು ತಮ್ಮ ಹೆಸರು ಬೀದಿಗೆ ಬರುವುದು ಬೇಡವೆನ್ನುವುದು ತಪ್ಪೇನಲ್ಲ. ಹೆಸರು ಬೇಡ, ಊರು ಮತ್ತು ಇಸವಿ ಮುದ್ರಿಸಲು ಏನಡ್ಡಿ? ಅಷ್ಟನ್ನೂ ಹೇಳಲೊಲ್ಲದ ಚಿತ್ರಕ್ಕೆ ಕೈ ಎತ್ತದಿರುವುದೇ ಲೇಸು.