ಮೂರು ವಾರ ಹೊತ್ತು ತಿರುಗಿದ ಊಟದ ಡಬ್ಬಿ

ಕೆಲಸ ಕಳೆದುಕೊಂಡವರಿಗೆ ಸಲಹೆ ಕೊಡುವವರು ಬಹಳ ಜನ. ಖರ್ಚು ಕಡಿಮೆ ಮಾಡಿ, ರೆಸ್ಯೂಮೆ ತಿದ್ದಿ, ಧೈರ್ಯವಾಗಿರಿ... ಎಲ್ಲಾ ಸರಿಯೇ. ಆದ್ರೆ ಯಾರೂ ಹೇಳದ ಒಂದು ಮಾತಿದೆ. ಸುದ್ದಿಯನ್ನು ಮೊದಲ ದಿನವೇ ಮನೆಯಲ್ಲಿ ಹೇಳಿಬಿಡಿ! ಇದು ಮನಸ್ಸು ಹಗುರ ಮಾಡಿಕೊಳ್ಳೋ ಮಾತಲ್ಲ ಸ್ವಾಮಿ, ಶುದ್ಧ ದುಡ್ಡಿನ ಲೆಕ್ಕ. ಹೇಗೆ ಅಂತೀರಾ? ನನ್ನ ಕಥೆಯನ್ನೇ ಕೇಳಿ.

2023ರ ಫೆಬ್ರವರಿಯ ಒಂದು ಬೆಳಿಗ್ಗೆ, ಹತ್ತು ನಿಮಿಷದ ಮೀಟಿಂಗಿನಲ್ಲಿ ನನ್ನ ಕೆಲಸ ಹೋಯ್ತು. ಮನೆಯಲ್ಲಿ ಹೇಳಲಿಲ್ಲ. ಮರುದಿನದಿಂದ ಹೆಂಡತಿ ಕಟ್ಟಿಕೊಟ್ಟ ಡಬ್ಬಿ ಹಿಡಿದು ಹೊರಟು, ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ಕೂತು, ಸಂಜೆ ಟ್ರಾಫಿಕ್ಕನ್ನು ಬೈಯುತ್ತಾ ಮನೆಗೆ ಬರುತ್ತಿದ್ದೆ. ಮೂರು ವಾರ! ಅಲ್ಲಿ ನನ್ನ ಹಾಗೇ ಡಬ್ಬಿ ತಂದವರು ಇನ್ನೂ ಇಬ್ಬರಿದ್ದರು ಅಂತ ನನ್ನ ಗುಮಾನಿ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಆ ಮೂರು ವಾರಕ್ಕೆ ಬಿದ್ದ ಬೆಲೆ ಇದು.

ಮೊದಲನೆಯದು, ನಾಟಕದ ಖರ್ಚು. ನಾದಿನಿಯ ಮಗನ ಉಪನಯನಕ್ಕೆ ಹದಿನೆಂಟು ಸಾವಿರದ ಬೆಳ್ಳಿ ಸಾಮಾನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡೆ. ಬೇಡ ಅನ್ನಲು ಕಾರಣ ಹೇಳಬೇಕಲ್ಲ! ಕಾರ್ಡಿನ ಬಾಕಿಗೆ ತಿಂಗಳಿಗೆ ಮೂರು ಮೂರೂವರೆ ಪರ್ಸೆಂಟ್ ಬಡ್ಡಿ, ಅಂದ್ರೆ ವರ್ಷಕ್ಕೆ ಹತ್ತಿರ ಹತ್ತಿರ ನಲವತ್ತು. ಊರಿನ ಮೀಟರ್ ಬಡ್ಡಿಯವರನ್ನು ಬೈಯೋ ನಾವು ಇದನ್ನು ಜೇಬಲ್ಲೇ ಇಟ್ಟುಕೊಂಡು ತಿರುಗ್ತೀವಿ.

ಎರಡನೆಯದು ಅಪ್ಪನ ಆರೋಗ್ಯ ವಿಮೆ. ಅಪ್ಪನಿಗೆ ಸಕ್ಕರೆ ಕಾಯಿಲೆ, ಆಫೀಸಿನ ಗುಂಪು ವಿಮೆಯಲ್ಲಿ ಸೇರಿಸಿದ್ದೆ. ಕೆಲಸ ಹೋದ ಕೂಡಲೇ ಅದೂ ಹೋಗುತ್ತೆ. ಅದೇ ವಿಮಾ ಕಂಪನಿಯಲ್ಲಿ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶ ಇದೆ, ಆದ್ರೆ ಹಳೆಯದು ಮುಗಿಯೋ ಮೊದಲೇ ಕೇಳಬೇಕು. ಗುಟ್ಟು ಕಾಯುವುದರಲ್ಲಿ ಮುಳುಗಿದ್ದ ನಾನು ಕೇಳಲೇ ಇಲ್ಲ. ಆಮೇಲೆ ಹೊಸ ಪಾಲಿಸಿ ಮಾಡಿಸಿದಾಗ ಸಕ್ಕರೆ ಕಾಯಿಲೆಗೆ ಕಾಯುವ ಅವಧಿ ಮೊದಲಿನಿಂದ ಶುರು. ಆ ಅವಧಿ ಮುಗಿಯೋವರೆಗೂ ಅಪ್ಪ ಕೆಮ್ಮಿದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

ಮೂರನೆಯದೇ ಎಲ್ಲಕ್ಕಿಂತ ದುಬಾರಿ. ಹಳೆಯ ಸಹೋದ್ಯೋಗಿಯೊಬ್ಬರಿಗೆ ಕೊನೆಗೂ ಫೋನ್ ಮಾಡಿದಾಗ ಅವರು ಹೇಳಿದ್ದು, "ಹೋದ ವಾರ ತಾನೇ ಒಬ್ಬರನ್ನ ತಗೊಂಡ್ವಲ್ಲ ಮಾರಾಯ್ರೆ, ಸ್ವಲ್ಪ ಮುಂಚೆ ಹೇಳಬಾರದಿತ್ತಾ?" ನನಗೆ ಮುಂದಿನ ಕೆಲಸ ಸಿಗಲು ಐದು ತಿಂಗಳು ಬೇಕಾಯ್ತು, ಅದೂ ಐದನೇ ಒಂದು ಭಾಗ ಕಡಿಮೆ ಸಂಬಳಕ್ಕೆ. ವೆಬ್‌ಸೈಟುಗಳಲ್ಲಿ ಹಾಕಿದ ಅರ್ಜಿಗಳಲ್ಲಿ ಬಹುಪಾಲಿಗೆ ಉತ್ತರವೇ ಇಲ್ಲ. ಕೆಲಸ ಸಿಕ್ಕಿದ್ದು ಪರಿಚಯದವರ ಬಾಯಿಂದ. ಆದ್ರೆ ನಿಮಗೆ ಕೆಲಸ ಬೇಕು ಅನ್ನೋದೇ ಗೊತ್ತಿಲ್ಲದವರು ನಿಮ್ಮ ಹೆಸರು ಹೇಳೋದಾದ್ರೂ ಹೇಗೆ?

ಹೆಂಡತಿಗೆ ಗೊತ್ತಾಗಿದ್ದು ಯಾವಾಗ ಅಂತೀರಾ? ಕೊನೆಗೊಂದು ರಾತ್ರಿ ಬಾಯಿಬಿಟ್ಟೆ. ಅವಳು ಅಂದಿದ್ದು ಇಷ್ಟೇ: "ಮಾರನೇ ದಿನವೇ ಗೊತ್ತಾಯ್ತು ರೀ. ಕೊರಳಲ್ಲಿ ಆಫೀಸಿನ ಟ್ಯಾಗ್ ಇರಲಿಲ್ಲ. ನೀವೇ ಹೇಳ್ತೀರೇನೋ ಅಂತ ಕಾದೆ." ಹಾಗಾದ್ರೆ ಮೂರು ವಾರ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ನಾಟಕ ಆಡಿದ್ದು ನಾನೊಬ್ಬನೇ ಅಲ್ಲ!

ಆ ರಾತ್ರಿಯೇ ಇಬ್ಬರೂ ನೋಟ್‌ಬುಕ್ ಹಿಡಿದು ಕೂತೆವು. ಅಡುಗೆಮನೆ, ಔಷಧಿ, ಮಗಳ ಫೀಸು, ಮನೆ ಸಾಲದ ಕಂತು ಒಂದು ಕಡೆ. ಉಳಿದದ್ದೆಲ್ಲ ಇನ್ನೊಂದು ಕಡೆ. ಕೈಯಲ್ಲಿದ್ದ ದುಡ್ಡು ಏಳು ತಿಂಗಳು ಬರುತ್ತೆ ಅಂತ ಲೆಕ್ಕ ಸಿಕ್ಕಿತು. ಕತ್ತಲಲ್ಲಿ ಕಂಡಿದ್ದಕ್ಕಿಂತ ಲೆಕ್ಕದಲ್ಲಿ ಭಯ ಚಿಕ್ಕದಾಗಿತ್ತು. ಪಿ.ಎಫ್. ತೆಗೆಯೋಣ ಅಂದೆ, ಅವಳೇ ತಡೆದಳು. ಸತತ ಐದು ವರ್ಷ ಸೇವೆ ಆಗದೆ ತೆಗೆದರೆ ತೆರಿಗೆ ಬೀಳುತ್ತೆ, ಹೊಸ ಕೆಲಸಕ್ಕೆ ವರ್ಗಾಯಿಸಿಕೊಂಡರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತೆ. ಹಾಗಾಗಿ ಅದನ್ನು ಮುಟ್ಟಲಿಲ್ಲ. ಮೊದಲು ಕಾರ್ಡಿನ ಬಾಕಿ ತೀರಿಸಿದೆವು. ಐದು ವರ್ಷ ಪೂರೈಸಿದವರು ಗ್ರಾಚ್ಯುಟಿ ಕೇಳೋದನ್ನೂ ಮರೀಬೇಡಿ, ಅದು ನಿಮ್ಮ ಹಕ್ಕು, ಯಾರ ದಯೆಯೂ ಅಲ್ಲ.

"ಹೇಳಿದ್ರೆ ವಯಸ್ಸಾದ ಅಪ್ಪ ಅಮ್ಮ ನೊಂದ್ಕೊತಾರೆ" ಅನ್ನುವವರಿದ್ದಾರೆ. ನಿಜ, ನೊಂದುಕೊಂಡರು. ಎರಡು ದಿನ. ಮೂರನೇ ದಿನ ಅಪ್ಪ ಊರಿಂದ ಬಸ್ಸಿನಲ್ಲಿ ಅಕ್ಕಿ ಮೂಟೆ ಕಳಿಸಿ, ಫೋನಿನಲ್ಲಿ ಅದರ ಬಗ್ಗೆ ಒಂದು ಮಾತೂ ಆಡದೆ ಮಳೆ ಬೆಳೆ ಮಾತಾಡಿ ಇಟ್ಟರು.

ಕೆಲಸ ಹೋಗೋದು ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಲ್ಲ. ಆದರೂ ನಾವು, ಅದರಲ್ಲೂ ಗಂಡಸರು, ಹಾಗೇ ತಲೆ ತಗ್ಗಿಸ್ತೀವಿ. ಆ ನಾಚಿಕೆಗೆ ನಾನು ಕಟ್ಟಿದ ಬಡ್ಡಿ ಕ್ರೆಡಿಟ್ ಕಾರ್ಡಿನದಕ್ಕಿಂತ ಹೆಚ್ಚು.

ನಿಮ್ಮಲ್ಲಿ ಯಾರಾದ್ರೂ ಇವತ್ತು ಡಬ್ಬಿ ಹಿಡಿದು ಎಲ್ಲೋ ಕೂತಿದ್ರೆ, ದಯವಿಟ್ಟು ಸಂಜೆ ಮನೆಗೆ ಹೋಗಿ ಹೇಳಿಬಿಡಿ. ಅವರಿಗೆ ಆಗಲೇ ಗೊತ್ತಿರಲೂಬಹುದು :-)