ನಮ್ಮ ಅಕ್ಷರಕ್ಕೆ ಯಾರದೋ ಬೀಗ!



ಅಂಗಡಿಯ ನಾಮಫಲಕದಲ್ಲಿ ಕನ್ನಡವಿಲ್ಲದಿದ್ದರೆ ನಾವು ಬೀದಿಗಿಳಿಯುತ್ತೇವೆ. ಬ್ಯಾಂಕಿನ ಚಲನ್ ಕನ್ನಡದಲ್ಲಿ ಇಲ್ಲದಿದ್ದರೆ ವ್ಯವಸ್ಥಾಪಕರನ್ನು ಪ್ರಶ್ನಿಸುತ್ತೇವೆ. ಆದರೆ ನಮ್ಮದೇ ಮೇಜಿನ ಮೇಲಿರುವ ಗಣಕದೊಳಗೆ ಕನ್ನಡದ ಗತಿ ಏನೆಂದು ಎಂದಾದರೂ ಕೇಳಿಕೊಂಡಿದ್ದೇವೆಯೇ?

೧೯೯೦ರ ದಶಕದಲ್ಲಿ ಊರೂರಿಗೆ ಡಿಟಿಪಿ ಬಂತು. ಕನ್ನಡ ತಂತ್ರಾಂಶ ಮಾರುವವರು ತಮತಮಗೆ ತೋಚಿದಂತೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದರು. ಪರದೆಯ ಮೇಲೆ ಕಂಡದ್ದು ಕನ್ನಡ. ಗಣಕದ ಪಾಲಿಗೆ ಅದು ಕನ್ನಡವೇ ಅಲ್ಲ! ಅದೇ ಫಾಂಟ್ ಇಲ್ಲದ ಗಣಕದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳ ರಾಶಿ. ಹೀಗೆ ಜೋಡಿಸಿಟ್ಟ ಪುಸ್ತಕ, ಸ್ಮರಣ ಸಂಚಿಕೆಗಳು ಹಳೆಯ ಫ್ಲಾಪಿ, ಸಿಡಿಗಳಲ್ಲಿ ಇಂದಿಗೂ ಕೊಳೆಯುತ್ತಿವೆ. ಬರೆದವರು ನಾವು, ಬೀಗದ ಕೈ ಬೇರೆಯವರದು.

೧೯೯೧ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಸಿಕ್ಕಿತು. ಅಕ್ಷರದ ಬೀಗವೇನೋ ತೆರೆಯಿತು. ತಂತ್ರಾಂಶದ ಬೀಗ? ಮೂಲ ಸಂಕೇತ ಮುಚ್ಚಿಟ್ಟ ತಂತ್ರಾಂಶದಲ್ಲಿ ಒಂದು ಒತ್ತಕ್ಷರ ತಪ್ಪಾಗಿ ಮೂಡಿದರೂ ಕಂಪನಿಗೆ ಬರೆದು ಕಾಯಬೇಕು. ಲಾಭ ಕಾಣದಿದ್ದರೆ ಅವರು ತಿರುಗಿಯೂ ನೋಡುವುದಿಲ್ಲ. ಮುಕ್ತ ತಂತ್ರಾಂಶದ ಮೂಲ ಸಂಕೇತ ಎಲ್ಲರ ಕಣ್ಣೆದುರಿಗಿದೆ. ಬಲ್ಲವರು ತಿದ್ದಬಹುದು, ಹಂಚಬಹುದು, ಯಾರ ಅಪ್ಪಣೆಯೂ ಬೇಡ. ೧೯೮೩ರಲ್ಲಿ ಗ್ನೂ ಯೋಜನೆ ಸಾರಿದ ರಿಚರ್ಡ್ ಸ್ಟಾಲ್ಮನ್ ಹೂಡಿದ ಹೋರಾಟ ಇದೇ. ಇದು ಪುಕ್ಕಟೆಯ ಮಾತಲ್ಲ, ಹಕ್ಕಿನ ಮಾತು.

ಹಾಗಾದರೆ ಯಾವುದನ್ನು ಬಳಸೋಣ? ಪತ್ರ, ಲೆಕ್ಕಪತ್ರಗಳಿಗೆ ಲಿಬ್ರೆಆಫೀಸ್ ಇದೆ. ಜಾಲತಾಣ ನೋಡಲು ಫೈರ್‌ಫಾಕ್ಸ್ ಇದೆ. ಎರಡರ ಮೆನುಗಳನ್ನೂ ಕನ್ನಡಕ್ಕೆ ಬದಲಿಸಿಕೊಳ್ಳಬಹುದು. ಅಕ್ಷರಕ್ಕೆ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳಿವೆ. ಅಚ್ಚಾದ ಪುಟದ ಚಿತ್ರದಿಂದ ಕನ್ನಡ ಪಠ್ಯ ತೆಗೆಯಲು ಟೆಸರಾಕ್ಟ್ ಇದೆ. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕೆ? ಪೈಥಾನ್‌ನಿಂದ ಆರಂಭಿಸಿ. ೨೦೦೮ರಲ್ಲಿ ಬಂದ ಪೈಥಾನ್ ೩ರಿಂದ ‘ಬೆಲೆ’, ‘ಮೊತ್ತ’ ಎಂಬ ಹೆಸರುಗಳನ್ನು ಪ್ರೋಗ್ರಾಮಿನೊಳಗೆ ಕನ್ನಡ ಲಿಪಿಯಲ್ಲೇ ಬರೆಯಬಹುದು. ಆಜ್ಞಾಪದಗಳು ಇಂಗ್ಲಿಷಿನವೇ, ನಿಜ. ಆದರೆ ಹಳ್ಳಿಶಾಲೆಯ ಮಗು ತನ್ನ ಲೆಕ್ಕವನ್ನು ತನ್ನ ಮಾತಿನಲ್ಲೇ ಯೋಚಿಸಲು ಅಷ್ಟು ಸಾಕು.

ಇವುಗಳಲ್ಲಿ ಕೊರತೆಯಿಲ್ಲವೇ? ಇದೆ. ಕೆಲವೆಡೆ ಅನುವಾದ ಅರ್ಧಕ್ಕೆ ನಿಂತಿದೆ, ಕೆಲವೆಡೆ ಪದಗಳು ಒರಟಾಗಿವೆ. ಆದರೆ ಇಲ್ಲಿ ತಿದ್ದುವ ಅಧಿಕಾರ ನಮಗಿದೆ. ದೂರುವ ನಾಲಗೆಗಿಂತ ದುಡಿಯುವ ಕೈ ಬೇಕಾಗಿದೆ.

ನೆರೆಯ ಕೇರಳವನ್ನು ನೋಡಿ. ೨೦೦೧ರಲ್ಲಿ ಶಾಲೆಗಳಿಗೆ ಗಣಕ ಯೋಜನೆ ತಂದ ಆ ರಾಜ್ಯ, ಮುಂದೆ ಅವನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ಒಯ್ದಿತು. ಅಲ್ಲಿನ ಮಗು ಗಣಕದಲ್ಲಿ ಮಲಯಾಳಂ ಕಾಣುತ್ತದೆ. ಐಟಿ ರಾಜಧಾನಿ ಎಂದು ಎದೆಯುಬ್ಬಿಸುವ ನಾವು ನಮ್ಮ ಶಾಲೆಗಳಿಗೆ ಅದನ್ನೇಕೆ ಕೇಳಬಾರದು?

ಆದ್ದರಿಂದ ಓದುಗರೇ, ನಿಮ್ಮ ಸಂಘದ ಕಚೇರಿಯಿಂದಲೇ ಆರಂಭವಾಗಲಿ. ಹಳೆಯ ಫಾಂಟಿನ ಕಡತಗಳನ್ನು ಯೂನಿಕೋಡ್‌ಗೆ ಬದಲಿಸಿ. ಹೊಸ ಗಣಕ ಕೊಳ್ಳುವಾಗ ಮುಕ್ತ ತಂತ್ರಾಂಶ ಹಾಕಿಸಿ. ಗಣಕ ಬಲ್ಲ ಯುವಕ ಯುವತಿಯರು ವಾರಕ್ಕೆ ಹತ್ತು ಸಾಲಾದರೂ ಕನ್ನಡಕ್ಕೆ ತನ್ನಿ. ಮನೆ ನಮ್ಮದಾದರೆ ಸಾಲದು, ಬೀಗದ ಕೈಯೂ ನಮ್ಮ ಸೊಂಟದಲ್ಲಿರಬೇಕು!